ಸತು ಉಂಟಾ?

ಮಲ್ಪೆ ದಕ್ಕೆಯ ಬದಿಗೆ, ಐಸ್ ಪ್ಲಾಂಟಿನ ಮಾಳಿಗೆಯಲ್ಲಿ
ಶನಿವಾರ ರಾತ್ರಿ ನಾನು ಕಮ್ಮಾರ.
ಹಗಲೂ ಹೆಚ್ಚುಕಡಿಮೆ ಅದೇ,
ವೆಲ್ಡಿಂಗ್ ಕನ್ನಡಕ ಹಣೆಗೇರಿಸಿದ ಗುರುತು
ಇನ್ನೂ ಹುಬ್ಬಿನ ಮೇಲುಂಟು.

ಕಡಲಿಗೆ ಎರಡು ತಿಂಗಳ ರಜೆ.
ಬೋಟುಗಳೆಲ್ಲ ದಡಕ್ಕೇರಿ ಹೊಟ್ಟೆ ತೋರಿಸಿ ನಿಂತಿವೆ.
ಕೆಳಗೆ ಕಂಪ್ರೆಸರಿಗೂ ರಜೆ;
ಅಮೋನಿಯದ ವಾಸನೆ ಮಾತ್ರ ಕೆಲಸದಲ್ಲಿದೆ.

ಲವೀನಾ ಕ್ಯಾಸ್ತೆಲಿನೊ ನಕ್ಷೆ ಹಾಸುತ್ತಾಳೆ,
ಬ್ಯಾಂಕಿನ ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದ ರಾಜ್ಯ:
ಏಳು ಕೋಟೆ, ಮೂರು ಹೊಳೆ, ಹೆಸರಿಲ್ಲದೊಂದು ಸಮುದ್ರ.
ಇಪ್ಪತ್ತು ಮುಖದ ದಾಳ ಅವಳ ಮುಷ್ಟಿಯಲ್ಲಿ
ಗಜ್ಜುಗದ ಹಾಗೆ ಗಲಗಲಿಸುತ್ತದೆ.

"ಕಮ್ಮಾರನೇ, ಕವಚ ಬೇಕು.
ಹುಣ್ಣಿಮೆಗೆ ನಮ್ಮ ದಳ ನೀರಡಿಯ ಗುಹೆಗಿಳಿಯುತ್ತದೆ.
ಏನುಂಟು ಅಂಗಡಿಯಲ್ಲಿ?"

ಪಟ್ಟಿ ಓದುತ್ತೇನೆ.
ಕರಿಯುಕ್ಕು, ಸಿಡಿಲು ಬಿದ್ದ ಬಂಡೆಯಿಂದ ಕರಗಿಸಿ ತೆಗೆದದ್ದು,
ಮಣ ಭಾರ, ತೊಟ್ಟವನು ಈಜಲಾರ.
ಇರುಳುಬೆಳ್ಳಿ, ಹಗಲು ಮೆತ್ತಗೆ, ಕತ್ತಲಾದ ಮೇಲೆ ಗಟ್ಟಿ,
ಮಧ್ಯಾಹ್ನದ ಯುದ್ಧಕ್ಕೆ ಆಗದು.
ಹಾರುಹಾವಿನ ಪೊರೆ: ಹಗುರ, ಬೆಂಕಿ ತಾಗದು,
ಆದರೆ ವರ್ಷಕ್ಕೊಮ್ಮೆ ತಾನಾಗಿ ಕಳಚಿ ಬೀಳುತ್ತದೆ,
ಯಾವ ದಿನವೆಂದು ಹಾವಿಗೂ ಗೊತ್ತಿಲ್ಲ.
ಮೇಣದಲ್ಲಿ ಕುದಿಸಿದ ಎಮ್ಮೆಚರ್ಮ.
ಬಡವರಿಗೆ ತೆಂಗಿನ ಹುರಿಯ ಅಂಗಿ, ಒದ್ದೆಯಾದರೆ ಬಿಗಿ.

ದಳದ ಯೋಧ ಇಫ್ರಾಝ್, ಹಗಲು ಡೀಸೆಲ್ ಬಂಕಿನವನು,
"ಬೆಳ್ಳಿಯೇ ಕೊಡು ಮಾರಾಯ, ಚಂದ ಕಾಣ್ತದೆ" ಅಂದ.
ಲವೀನಾ ನಕ್ಕಳು: "ಉಪ್ಪುನೀರು ಅದು. ಗಳಿಗೆಗೆ ಒಂದಂಶ ತುಕ್ಕು,
ಯಾವ ಲೋಹವಾದರೂ."

ಉಪ್ಪುನೀರಿನ ಮಾತು, ಅದೂ ನನ್ನ ಹತ್ತಿರ!

"ಸತು ಉಂಟಾ ನಿನ್ನ ರಾಜ್ಯದಲ್ಲಿ?"

ಪುಟ ಮಗುಚಿದಳು. ಹೊನ್ನು, ಹವಳ, ಡ್ರಾಗನ್ ಮೂಳೆ.
ಸತು ಇಲ್ಲ. ಅಷ್ಟು ಸಪ್ಪೆ ಲೋಹಕ್ಕೆ
ಯಾರೂ ಬೆಲೆ ಬರೆದಿರಲಿಲ್ಲ.

ಹೇಳಿದೆ: ಬೋಟಿನಡಿಗೆ, ಫ್ಯಾನಿನ ಪಕ್ಕ,
ಬಾರ್ ಸೋಪಿನಷ್ಟು ದಪ್ಪದ ಬಿಳಿ ತುಂಡೊಂದನ್ನು
ಬೋಲ್ಟು ಹಾಕಿ ಬಿಗಿಯುತ್ತೇವೆ. ಹರಿತವಿಲ್ಲ, ಹೊಳಪಿಲ್ಲ.
ಕಡಲು ಹಸಿದು ಬರುತ್ತದಲ್ಲ, ಮೊದಲು ಇದನ್ನು ತಿನ್ನುತ್ತದೆ.
ಇದಿರುವ ತನಕ ಫ್ಯಾನಿನ ಕಂಚಿಗೆ, ಶಾಫ್ಟಿನ ಉಕ್ಕಿಗೆ
ಬಾಯಿ ಹಾಕುವುದಿಲ್ಲ.
ವರ್ಷ ಕಳೆದು ಬೋಟು ಮೇಲೆಳೆದರೆ
ಇಲಿ ಕಡಿದ ಬೆಲ್ಲದ ಹಾಗೆ ಚೂರು ಉಳಿದಿರುತ್ತದೆ.
ಕೆಲವೊಮ್ಮೆ ಬೋಲ್ಟು ಮಾತ್ರ.

ಯಾರೂ ಮಾತಾಡಲಿಲ್ಲ.
ತಗಡಿನ ಮೇಲೆ ಬೆಕ್ಕು ನಡೆದ ಸದ್ದು.

ಆಗ ಅಕ್ಕ ಮೆಟ್ಟಿಲು ಹತ್ತಿ ಬಂದಳು, ಊಟಕ್ಕೆ ಕರೆಯಲು.
"ಯಾರು ಗೆದ್ದದ್ದು?"
ಇದರಲ್ಲಿ ಗೆಲ್ಲುವುದು ಅಂತ ಇಲ್ಲ, ಅಕ್ಕ.
"ಮತ್ತೆ ಲೆಕ್ಕ ಎಂತಕ್ಕೆ ಬರೆಯುವುದು?"

ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಅವಳಿಗೆ ಹದಿನಾಲ್ಕು ವರ್ಷ.
ಬೆರಳ ತುದಿಯಲ್ಲಿ ಗೆರೆ ಉಳಿದಿಲ್ಲ;
ರೇಷನ್ ಅಂಗಡಿಯ ಯಂತ್ರ ಅವಳ ಗುರುತು ಸಿಗದೆ
ಮೂರು ಮೂರು ಸಲ ಕಿರುಚುತ್ತದೆ.
ನನ್ನ ಐಟಿಐ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸಿದ್ದು ಅವಳೇ,
ಉಪ್ಪುಗಾಳಿಗೆ ಹಾಳಾಗಬಾರದೆಂದು.

ಲವೀನಾ ಪೆನ್ಸಿಲಿನಲ್ಲಿ ಹೊಸ ಸಾಲು ಸೇರಿಸಿದಳು:
ಸತು. ಅರ್ಧ ಸೇರು. ಕವಚದ ಬೆನ್ನಿಗೆ, ಲೋಹಕ್ಕೆ ತಾಗುವಂತೆ ಬಿಗಿಯುವುದು.
ಪೆಟ್ಟು ತಡೆಯದು. ತುಕ್ಕನ್ನು ತನ್ನ ಕಡೆ ಎಳೆದುಕೊಳ್ಳುವುದು.
"ಬೆಲೆ ಎಷ್ಟು ಹಾಕಲಿ?"

ನಾನು ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದೆ.
ಅಕ್ಕ ದಾಳವನ್ನೆತ್ತಿ ಬಲ್ಬಿಗೆ ಹಿಡಿದಳು,
"ಎಷ್ಟು ಮೂಲೆ ಮಾರ್ರೆ ಇದಕ್ಕೆ!" ಎಂದು ಉರುಳಿಸಿದಳು.
ಮೂರು ಬಿತ್ತು.

"ಮೂರು ಅಂದರೆ ಕಡಿಮೆಯಾ?"
ಕಡಿಮೆಯೇ, ಅಂದ ಇಫ್ರಾಝ್.
"ಹಾಗಾದರೆ ಮೂರೇ ಬರಿ. ಅನ್ನ ಆರ್ತದೆ."