ಕರ್ಪೂರಕ್ಕೆ ಜ್ವರ

ಶಿರಾದ ಹಳೇ ತಾಲ್ಲೂಕು ಕಚೇರಿ, ಹಿಂದಿನ ಕೋಣೆ.
ಕಡ್ಲೆಕಾಯಿ ಮೂಟೆಯಲ್ಲಿ ಬಂದವು ಕಡತಗಳು.
ಅಟ್ಟ ಕೆಡವಿಸುವಾಗ ಸಿಕ್ಕವು ಅಂತ
ಶಾನುಭೋಗ ಗರುಡಯ್ಯನವರ ಮೊಮ್ಮಗಳು
ಆಟೋಗೆ ಹಾಕಿ ಕಳಿಸಿದ್ದು.

ಈಗ ಕಡತ ಅಂದರೆ ದಾರ ಕಟ್ಟಿದ ಫೈಲು.
ಆಗ ಬಟ್ಟೆ. ಹುಣಸೆಬೀಜದ ಸರಿ, ಇದ್ದಿಲ ಪುಡಿ
ಬಳಿದು ಒಣಗಿಸಿ ಮಡಿಚಿದ ಕಪ್ಪು ಬಟ್ಟೆ,
ಅದರ ಮೇಲೆ ಬಿಳಿ ಬಳಪ.
ಬೇಡವಾದದ್ದನ್ನು ಅಂಗೈಯಲ್ಲಿ ಒರೆಸಬಹುದು.
ಬೇಕಾದದ್ದೂ ಒರೆಸಿಹೋಗುತ್ತದೆ.

ನಲವತ್ತೊಂದನೇ ಕಡತ, ಆರನೇ ಮಡಿಕೆ:
ಯಾಕೂತ ೧
ಕಾಫೂರ ೧
ಸಂದಲ ೨
ನನಗಿಂತ ಮೊದಲು ಪಟ್ಟಿ ಮಾಡಿದವರು
ಪಕ್ಕದಲ್ಲಿ ‘ರತ್ನ, ಸುಗಂಧ ದ್ರವ್ಯ ಇತ್ಯಾದಿ’ ಅಂದಿದ್ದರು.
ಕೆಂಪುಕಲ್ಲು, ಕರ್ಪೂರ, ಗಂಧ. ಕೋಟೆಗೆ ಬೇಕಲ್ಲ.
ಹಾಗೇ ನಕಲು ಮಾಡಿ ಟೀ ಕುಡಿಯಲು ಹೋದೆ.

ಮಾರನೆ ದಿನ ಬಂದಳು ಹಳಿಯಾಳದ ಇಮಾಂಬಿ ಸಿದ್ದಿ,
ತುಮಕೂರಲ್ಲಿ ಎಂ.ಎ. ಓದುವವಳು.
ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ಮೂವರು ಕೇಳಿದರಂತೆ,
ಯಾವ್ ದೇಶ ಕಣಮ್ಮಾ ನಿಂದು?
ಮೂವರಿಗೂ ಹಳಿಯಾಳ ಅಂದಳಂತೆ.
ಅದು ಆಫ್ರಿಕಾದಾಗೆ ಎಲ್ಲಿ ಬರ್ತದೆ ಅಂದನಂತೆ ಒಬ್ಬ.
ಅವಳು ನಗುತ್ತಲೇ ಹೇಳಿದಳು.
ನಾನು ನಕ್ಕೆ, ಆಮೇಲೆ ನಿಲ್ಲಿಸಿದೆ.

ಓದತೊಡಗಿದಳು.
ಕೊಂಬು ದೀರ್ಘ ಒಂದೂ ನೆಟ್ಟಗಿಲ್ಲದ ಲೆಕ್ಕದ ಕನ್ನಡ.
ಬೆರಳು ಮುಟ್ಟಿಸದೆ, ಉಸಿರು ತಾಗಿಸದೆ
ಏಳನೇ ಮಡಿಕೆಗೆ ಬಂದು ನಿಂತಳು:
‘ಕಾಫೂರಗೆ ಜ್ವರ. ಕಂಬಳಿ ೧.’

ಸರ್, ಕರ್ಪೂರಕ್ಕ ಜ್ವರ ಬರ್ತದೇನ್ರಿ?

ಮತ್ತೆ ಮೊದಲಿನಿಂದ ಓದಿದೆವು.
ಯಾಕೂತ, ದಿಡ್ಡಿ ಬಾಗಿಲಿಗೆ.
ಸಂದಲ ಇಬ್ಬರೂ ಲಾಯಕ್ಕೆ,
ಒಬ್ಬನಿಗೆ ರಾಗಿ ಅರ್ಧ ಬಳ್ಳ ಕಡಿತ: ‘ಎದುರು ಮಾತು.’
ತಾಯಿ ಇಟ್ಟ ಹೆಸರು ಕಡಲಾಚೆಯೇ ಉಳಿದು
ಮಾರಿದವನು ಇಟ್ಟದ್ದು ಹಡಗು ಹತ್ತಿತ್ತು,
ಸಾಮಾನಿನ ಹೆಸರು, ಬೆಲೆ ಕೂಗಲು ಸಲೀಸು.
ಎದುರಾಡಿದ್ದು ಯಾವ ಭಾಷೆಯಲ್ಲೋ ಅಂದೆ.
ಕನ್ನಡದಾಗೇ ಇರಬೇಕ್ರಿ,
ಇಲ್ಲಾಂದ್ರ ಶಾನುಭೋಗರಿಗೆ ಹ್ಯಾಂಗ ತಿಳೀತು?

ಕಾರ್ಡಿನಲ್ಲಿ ‘ದ್ರವ್ಯ’ ಹೊಡೆದು ‘ಜನ’ ಬರೆದೆ.
ನಾಕು ಮಂದಿ ಅನ್ರಿ, ಅಂದಳು. ಸೇರಿಸಿದೆ.

ಕಂಬಳಿ ಸಿಕ್ಕಿತೋ ಇಲ್ಲವೋ?
ಅಲ್ಲಿ ಯಾರದೋ ಅಂಗೈ ಆಡಿದೆ,
ಮೇಲೆ ಬೇರೊಂದು ವರ್ಷದ ಹುರುಳಿ ಲೆಕ್ಕ.
ಮೊಬೈಲಿನ ಬೆಳಕು ಓರೆಯಾಗಿ ಹಿಡಿದಳು.
ಹುರುಳಿಯ ಅಡಿಯಲ್ಲಿ, ಮಸುಕಾಗಿ: ‘ಸಂದ’.

ಕಂಬಳಿ ಸಂದಿತು ಅಂತಿರಬಹುದು.
ಕಾಫೂರ ಸಂದ, ತೀರಿಕೊಂಡ ಅಂತಲೂ.
ಅಥವಾ ಮುಂದಿನ ಅಕ್ಷರ ‘ಲ’ ಇದ್ದೀತು,
ಲಾಯದಿಂದ ಎದ್ದು ಬಂದು ಸಂದಲ ಹೊದಿಸಿದ್ದಾನು,
ಎದುರು ಮಾತಾಡಿದವನೇ.

ಐದೂವರೆ ಬಸ್ಸಿಗೆ ಹೊತ್ತಾಗಿತ್ತು.
ಕಂಡಷ್ಟೇ ಬರೀರಿ ಸರ್, ಅಂದು ಚೀಲ ಹೆಗಲಿಗೇರಿಸಿದಳು.

ಬರೆದಿದ್ದೇನೆ.
ಕಡತ ೪೧, ಮಡಿಕೆ ೭, ಹುರುಳಿಯ ಕೆಳಗೆ:
ಸಂದ