ಲಾಟೀನು ಹಿಡಿದವನು

ಚಿಲಿಯ ತೆಂಕಣ ಮೂಲೆ, ಪುವೆರ್ತೊ ಕೊಲಿಗ್ವೆ.
ನ್ಯಾಯಾಲಯದ ಮೂರನೇ ಕೋಣೆ.
ನನ್ನದು ಬೆರಳಚ್ಚಿನ ಕೆಲಸ. ಅವರು ಅಂದದ್ದು, ಇವರು ಅಂದದ್ದು,
ನಡುವೆ ಕೆಮ್ಮು ಬಂದರೆ ಬಿಡುವುದು.

ಸಾಕ್ಷಿ: ಅನ್ಸೆಲ್ಮೊ ವೈಕಿಲ್.
ವಯಸ್ಸು ನಲವತ್ತಾರು, ನೋಡಿದರೆ ಅರವತ್ತು.
ಕಸುಬು ದೋಣಿಯ ಬಿರುಕಿಗೆ ಡಾಂಬರು ಮೆತ್ತುವುದು.
ಆಗ ಸಿಪಾಯಿ, ಕಡ್ಡಾಯ ಭರ್ತಿ.

"ಗುಂಡು ಹೊಡೆದವನಲ್ಲ ನಾನು.
ಲಾಟೀನು ಹಿಡಿದವನು."

ಎಲ್ಲಿ? ಗರಗಸದ ಮಿಲ್ಲಿನ ಹಿಂದೆ, ಹೊಳೆ ದಂಡೆ.
ಎಷ್ಟು ಜನ? ಐವರು. ಒಬ್ಬ ಬರಿಗಾಲಲ್ಲಿದ್ದ.
ಇನ್ನೊಬ್ಬ, ಮಿಲ್ಲಿನ ಲೆಕ್ಕದವ,
ಬಿದ್ದ ಕನ್ನಡಕ ತಡಕುತ್ತಿದ್ದ.
"ನನ್ನ ಬೆಳಕಿನಲ್ಲೇ ತಡಕಿದ, ಸ್ವಾಮಿ.
ಸಿಕ್ಕಿತು ಕೂಡ. ಅಂಗಿಗೆ ಒರೆಸಿ ಹಾಕಿಕೊಂಡ.

ಸಾರ್ಜೆಂಟ್ ಅಂದ, ಇನ್ನೂ ಮೇಲೆ.
ಎತ್ತಿದೆ."

ಹುಕುಂ ಅಕ್ರಮವೆಂದು ತಿಳಿದಿತ್ತೇ?
"ರಾತ್ರಿ ಎರಡು ಗಂಟೆಗೆ, ಹೊಳೆ ಬದಿಯಲ್ಲಿ
ಯಾರು ಮಾಡುತ್ತಾರೆ ಸಕ್ರಮ ಕೆಲಸ?"
ಮತ್ತೆ, ಯಾಕೆ ಎಂದು ಕೇಳಲಿಲ್ಲವೇ?
"ಕೇಳಿದೆನಲ್ಲ. ಹೇಳಿದ್ದನ್ನೆಲ್ಲ ಕೇಳಿದೆ.
ಆದದ್ದೇ ಅದು."

ಆಮೇಲೆ ಯಾರೂ ಕೇಳದೆಯೇ ಅಂದ:
"ಲಾಟೀನು ಮೊದಲು ಕೊಟ್ಟದ್ದು ನಿಕನೋರನ ಕೈಗೆ.
ಬತ್ತಿ ಒದ್ದೆಯಾಗಿದೆ ಅಂದ ಅವನು.
ಬತ್ತಿ ಒಣಗೇ ಇತ್ತು. ನನಗೆ ಗೊತ್ತು,
ಸಾರ್ಜೆಂಟನಿಗೂ ಗೊತ್ತು.
ಕಪಾಳಕ್ಕೆ ಒಂದು ಬಿತ್ತು.
ಒಂದೇ.
ಮರುದಿನ ಇಬ್ಬರಿಗೂ ಅದೇ ಬೀನ್ಸ್ ಕಾಳಿನ ಸಾರು, ಅದೇ ಸೌಟಿನ ಅಳತೆ.
ಇಪ್ಪತ್ತೇಳು ವರ್ಷವಾಯಿತು,
ಆ ಏಟು ಎಷ್ಟು ಹೊತ್ತು ಉರಿಯಬಹುದಿತ್ತು ಅಂತ
ಲೆಕ್ಕ ಹಾಕುತ್ತಿದ್ದೇನೆ.
ಸಂಜೆಯೊಳಗೆ ಇಳಿದಿರುತ್ತಿತ್ತು."

ಎಷ್ಟು ಎತ್ತರಕ್ಕೆ ಹಿಡಿದಿದ್ದೆ? ವಕೀಲರ ಪ್ರಶ್ನೆ.
ಮಾತಾಡಲಿಲ್ಲ. ಬಲಗೈ ಎತ್ತಿದ,
ಕಿವಿ ದಾಟಿ, ನೆತ್ತಿ ದಾಟಿ,
ಉಗುರಿನಡಿ ಡಾಂಬರು.
ಇಳಿಸು ಎಂದು ಯಾರೂ ಹೇಳಲಿಲ್ಲ.
ಇಳಿಸಲಿಲ್ಲ.
ಹಿಂದಿನ ಬೆಂಚಿನಲ್ಲಿ ಕಪ್ಪು ಶಾಲಿನ ಹೆಂಗಸೊಬ್ಬಳು
ತನ್ನ ಕನ್ನಡಕ ತೆಗೆದು ಮಡಿಲಲ್ಲಿಟ್ಟಳು.

ನ್ಯಾಯಾಧೀಶರು ಗಡಿಯಾರ ನೋಡಿ, ನನ್ನತ್ತ ನೋಡದೆ:
"ಸಾಕ್ಷಿ ಉತ್ತರಿಸಲಿಲ್ಲ. ಬರೆದುಕೊಳ್ಳಿ."

ಇಪ್ಪತ್ತು ವರ್ಷ ಪಳಗಿದ ಬೆರಳುಗಳು,
ಕಿವಿಗೆ ಬೀಳುವ ಮೊದಲೇ ಓಡುವಂಥವು,
'ಸಾಕ್ಷಿ' ಎಂದು ಹೊಡೆದೇಬಿಟ್ಟವು.
ಅವನ ಕೈ ಇನ್ನೂ ಮೇಲೆಯೇ ಇತ್ತು,
ನಡುಗುತ್ತಿತ್ತು.

ರಿಬ್ಬನ್ನು ಒಣಗಿದೆ ಸ್ವಾಮಿ, ಅಂದೆ.
ಬೆಳಿಗ್ಗೆಯಷ್ಟೇ ಹೊಸದು ಹಾಕಿದ್ದೆ.