ತೂಕದ ಶೆಡ್ಡಿನ ಕರಿಹಲಗೆ

ಗೋಣಿಕೊಪ್ಪದ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ತೂಕದ ಶೆಡ್ಡಿನ ಹೊರಗೆ ಒಂದು ಕರಿಹಲಗೆ.
ತಾರೀಖು, ಚೆರಿ ದರ, ಪಾರ್ಚ್‌ಮೆಂಟ್ ದರ,
ತೇವ ಹೆಚ್ಚಿದ್ದರೆ ಎಷ್ಟು ಕಡಿತ,
ಅದರ ಕೆಳಗೆ ಉಳಿದ ಗೇಣು ಜಾಗದಲ್ಲಿ
ದಿನಕ್ಕೊಂದು ಹಿತನುಡಿ.

ಮೂವತ್ತೊಂದು ವರ್ಷ ಬರೆದವರು ಬೆಳ್ಯಪ್ಪ ಮಾವ.
ನಿವೃತ್ತಿಯ ಸಂಜೆ ನನ್ನ ಕೈಗೆ
ಬೀಗದ ಗೊಂಚಲು, ರಬ್ಬರ್ ಮುದ್ರೆ,
ಅರ್ಧ ಸವೆದ ಸೀಮೆಸುಣ್ಣ ಕೊಟ್ಟು ಅಂದರು:
‘ದರ ತಪ್ಪಿದರೆ ಬಂದು ಬೈಯುತ್ತಾರೆ, ತಿದ್ದಬಹುದು.
ನುಡಿ ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ.
ಅಲ್ಲಿ ಜೋಪಾನ.’

ಮೊದಮೊದಲು ಕ್ಯಾಲೆಂಡರಿನ ಹಿಂಬದಿಯಿಂದ ಇಳಿಸಿದೆ,
ಸತ್ಯ, ಶ್ರಮ, ತಾಳ್ಮೆ,
ಎಲ್ಲವೂ ಮುತ್ತು, ಒಂದೂ ನನ್ನದಲ್ಲ.
ಲಾರಿಯವರು ಹಲಗೆಗೆ ಒರಗಿ ಬೀಡಿ ಹಚ್ಚಿದರು.
‘ಪ್ರಾಮಾಣಿಕತೆ’ಯ ಉತ್ತರಾರ್ಧ
ಒಬ್ಬನ ಬೆನ್ನಿಗಂಟಿ ಸಂತೆಯೆಲ್ಲ ತಿರುಗಿತು,
ತಿರುಗುಮುರುಗಾಗಿ.

ಕ್ಯಾಲೆಂಡರ್ ಮುಗಿದ ದಿನ
ಕೈಯಲ್ಲಿದ್ದದ್ದು ಚುಚ್ಚುಗೊಳವೆ,
ಮೂಟೆಯ ಹೊಟ್ಟೆಗೆ ತೂರಿ ಹಿಡಿಕಾಳು ಕಕ್ಕಿಸುವುದು.
ಕಂಡದ್ದನ್ನೇ ಬರೆದೆ:
‘ಮೂಟೆಯ ಬಾಯಲ್ಲಿ ಎಲ್ಲರದೂ ಒಳ್ಳೆಯ ಕಾಳೇ.’
ಯಾರ ಹೆಸರೂ ಹಾಕಿರಲಿಲ್ಲ.
ಮಧ್ಯಾಹ್ನದೊಳಗೆ ನಾಲ್ವರು ಬಂದು ಜಗಳವಾಡಿದರು.
ಐದನೆಯವರು, ಕರುಂಬಯ್ಯ,
ಒಂದು ಮಾತೂ ಆಡದೆ
ಎರಡು ಮೂಟೆ ಜೀಪಿಗೆ ವಾಪಸು ಹಾಕಿಸಿಕೊಂಡು ಹೋದರು.

ಆಮೇಲೆ ಸೊಕ್ಕು ಬಂತು ನನಗೆ.
‘ಪರರನ್ನು ತೂಗುವ ಮುನ್ನ
ನಿನ್ನ ಮುಳ್ಳು ಸೊನ್ನೆಗೆ ಬಂದಿದೆಯಾ ನೋಡು’
ಅಂತ ದಪ್ಪಕ್ಷರದಲ್ಲಿ ಬರೆದ ದಿನವೇ
ತಕ್ಕಡಿ ಇನ್ನೂರು ಗ್ರಾಂ ತಪ್ಪು ತೋರಿಸುತ್ತಿತ್ತು.
ಗೊತ್ತಾದದ್ದು ಸಂಜೆ,
ಹನ್ನೆರಡು ಲಾರಿ ಹೋದ ಮೇಲೆ.

ಒಂಟಿಕಾಳಿನ ಬಗ್ಗೆಯೂ ಹೊಳೆದಿತ್ತು:
ಮುಖಕ್ಕೆ ಮುಖ ಕೊಟ್ಟು ಎರಡು ಮಲಗಬೇಕಾದ ಮನೆ,
ಒಂದು ಬರಲೇ ಇಲ್ಲ,
ಬಂದದ್ದು ಜಾಗ ತುಂಬಿ ಗುಂಡಾಯಿತು,
ಅದಕ್ಕೇ ದರ ಜಾಸ್ತಿ.
ಸುಣ್ಣ ಎತ್ತಿದೆ.
ಕಿಟಕಿಯಾಚೆ ಲೆಕ್ಕದ ಬೋಜಮ್ಮ
ಒಬ್ಬರೇ ಕೂತು ಬುತ್ತಿ ಬಿಚ್ಚುತ್ತಿದ್ದರು.
ದರ ಮಾತ್ರ ಬರೆದು ಒಳಗೆ ಬಂದೆ.
ನಾನು ಬರೆದವುಗಳಲ್ಲಿ ಅದೇ ವಾಸಿ ಇರಬಹುದು.

ತಿತಿಮತಿ ಕಡೆಯ ಹಾಡಿಯಿಂದ ಮೊದಲ ಬಸ್ಸಿಗೆ ಬರುವ ಬೊಳ್ಳಿ
ಆರಿಸುವ ಮೇಜಿನ ಕೊನೆಯವಳು. ಅಕ್ಷರ ಬಾರದು.
ದಿನಾ ಕೇಳುತ್ತಾಳೆ, ‘ಹಲಗೆ ಇವತ್ತು ಏನಂತದೆ?’
ಓದಿ ಹೇಳಿದೆ:
‘ಕಪ್ಪು ಕಾಳೊಂದು ಸಾಕು
ಇಡೀ ಲೋಟದ ರುಚಿ ಕೆಡಿಸಲು.’
ಬೆರಳು ನಿಲ್ಲಲಿಲ್ಲ, ತಲೆ ಎತ್ತಲಿಲ್ಲ.
ಕಪ್ಪೊಂದನ್ನು ಬದಿಗೆ ಚಿಮ್ಮಿ ಅಂದಳು:
‘ಹಣ್ಣಾಗುವ ಮೊದಲೇ ಯಾರೋ ಕಿತ್ತರು.
ಕಾಳು ಏನು ಮಾಡ್ತದೆ?’

ಹೊರಗೆ ಬಂದು ಒರೆಸಿದೆ.
ಅವಳ ಮಾತನ್ನೇ ಬರೆದೆ, ಅವಳ ದನಿಯಲ್ಲೇ,
ಹೆಸರು ಹಾಕಲಾ ಅಂತ ಕೇಳಲು ಹೋದೆ.
‘ಬೇಡ. ಹಾಕಿದರೆ ನಾಳೆ
ಇನ್ನೊಂದು ಹೇಳು ಅಂತೀಯ.
ನಾನು ಹೇಳಿದ್ದು ಇಗೋ, ಈ ಕಾಳಿಗೆ.’

ಈ ಬೆಳಿಗ್ಗೆ ಒರೆಸುವ ಬಟ್ಟೆ ಬಿರುಸಾಗಿತ್ತು.
ಬೊಳ್ಳಿ ಅದನ್ನು ಕಿತ್ತುಕೊಂಡು
ಮೆಟ್ಟಿಲ ಕಲ್ಲಿಗೆ ನಾಲ್ಕು ಬಾರಿ ಬಡಿದಳು.
ಬೆಳ್ಯಪ್ಪ ಮಾವನದು, ಕ್ಯಾಲೆಂಡರಿನದು, ನನ್ನದು,
ಯಾವುದು ಯಾರದೆಂದು ತಿಳಿಯದ ಬಿಳಿ ಹುಡಿ
ಮೆಣಸಿನ ಬಳ್ಳಿಯ ಮೇಲೆ, ಅವಳ ಕೂದಲ ಮೇಲೆ.
‘ಅಬ್ಬ, ಇಷ್ಟೊಂದು ಮಾತಾ!’ ಅಂದು ಕೆಮ್ಮಿದಳು,
ಕಣ್ಣಲ್ಲಿ ನೀರು ಬರುವಷ್ಟು.

ಎಂಟು ಗಂಟೆ. ಗೇಟಿನಲ್ಲಿ ಮೊದಲ ಲಾರಿ.
ತಾರೀಖು ಬರೆದೆ.